ಐದನೇ ತಲೆ

ಮೇಕೆಯ ವಯಸ್ಸು ತಿಳಿಯಲು ಹುಲಿಯಮ್ಮ ಯಾರನ್ನೂ ಕೇಳುತ್ತಿರಲಿಲ್ಲ. ಎಡಗೈಯಲ್ಲಿ ಮೂತಿ ಹಿಡಿದು, ಹೆಬ್ಬೆರಳಿನಿಂದ ಕೆಳತುಟಿ ಇಳಿಸಿದರೆ ಮುಗಿಯಿತು. ಅಕ್ಕಿಕಾಳಿನಂಥ ಸಣ್ಣ ಹಲ್ಲು ಎಂಟಿದ್ದರೆ ಅವು ಹಾಲುಹಲ್ಲು, ಅದು ಮರಿ. ನಡುವಿನ ಎರಡು ಉದುರಿ ಅಗಲದವು ಬಂದಿದ್ದರೆ ಎರಡು ಹಲ್ಲಿನದು. ಎಂಟೂ ಅಗಲವಾದರೆ ಬಾಯಿಗೂಡಿದ್ದು. ಆಮೇಲೆ ಹಲ್ಲು ಸವೆದು, ಸಂದಿ ಬಿಟ್ಟು, ಅಲ್ಲಾಡತೊಡಗಿದರೆ ಮುದಿಮೇಕೆ. ಅದರ ಬಾಡು ಬೇಯಬೇಕಾದರೆ ಒಂದು ಗಾಡಿ ಸೌದೆಯೂ ಸಾಲದು.

ಈ ಹೆಸರುಗಳ ವಿಷಯದಲ್ಲಿ ಅವಳದು ಭಾರಿ ಹಟ. ಇನ್ನೂ ಮೊಟ್ಟೆಯಿಡದ ಹ್ಯಾಟೆಯನ್ನು ಯಾರಾದರೂ ಬರೀ ಕೋಳಿ ಎಂದರೆ, ಕರು ಹಾಕದ ಕಡಸನ್ನು ಹಸು ಎಂದರೆ, ಕೈಲಿದ್ದ ಕೆಲಸ ಬಿಟ್ಟು ತಿದ್ದುತ್ತಿದ್ದಳು. ಪಕ್ಕದ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರು ಒಮ್ಮೆ ಅವಳ ಹೋತದ ಮರಿಯನ್ನು ಕುರಿ ಎಂದು ಕರೆದು ಬೈಸಿಕೊಂಡದ್ದು ಕೂಲಿ ಲೈನಿನ ಹೆಂಗಸರಿಗೆಲ್ಲ ಗೊತ್ತು. "ಸಾಕೋರು, ಕೊಳ್ಳೋರು, ತಿನ್ನೋರು ಮೂವರೂ ಒಂದೇ ಹೆಸರು ಹೇಳ್ಬೇಕು ಕಣ್ರೀ. ಮಾರುವಾಗ ಮರಿ, ತಿನ್ನುವಾಗ ಮುದಿ ಅಂದ್ರೆ ಅದೆಂಥ ಬಾಯಿ?" ಎನ್ನುವುದು ಅವಳ ನ್ಯಾಯ. ಗಂಡ ಸತ್ತ ಮೇಲೆ ಎರಡು ಎಕರೆ ಕಾಫಿ ಮತ್ತು ಕೊಟ್ಟಿಗೆಯ ಮೇಕೆಗಳನ್ನು ನಂಬಿ ಹದಿನೈದು ವರ್ಷ ಮಗಳನ್ನು ಸಾಕಿದವಳು. ಹೊಂಗಡಹಳ್ಳದಲ್ಲಿ ಅವಳ ನ್ಯಾಯಕ್ಕೆ ಎದುರಾಡುವವರು ಕಡಿಮೆ.

ಕಾಫಿ ರೇಟು ನೆಲಕಚ್ಚಿದ ವರ್ಷದ ಬೇಸಿಗೆಯಲ್ಲಿ ಮಗಳು ವಾಣಿಯ ಮದುವೆಯಾಯಿತು. ಹುಡುಗ ಆಲೂರು ಕಡೆಯವನು, ಧರ್ಮ ಎಂದು ಹೆಸರು, ಆಲೂರಿನ ಗ್ಯಾರೇಜೊಂದರಲ್ಲಿ ಜೀಪು ರಿಪೇರಿ ಮಾಡುತ್ತಿದ್ದ. ಒಳ್ಳೆಯ ಹುಡುಗ, ಆದರೆ ಬಾಯಿಲ್ಲದವನು. ಚಿಕ್ಕಂದಿನಲ್ಲೇ ಅಪ್ಪ ಅಮ್ಮನನ್ನು ಕಳೆದುಕೊಂಡ ಅವನನ್ನು ಸಾಕಿದ್ದು ದೊಡ್ಡಪ್ಪ ನಂಜುಂಡಯ್ಯ ಮತ್ತು ದೊಡ್ಡಮ್ಮ ರಾಜಲಕ್ಷ್ಮಮ್ಮ. ಆ ಮನೆಯಲ್ಲಿ ನಂಜುಂಡಯ್ಯ ಹೇಳಿದ್ದೇ ಮಾತು. ವಾಣಿ ಹೋಗಿ ಬಾಳಬೇಕಾಗಿದ್ದೂ ಆ ಮನೆಯಲ್ಲೇ.

ನಂಜುಂಡಯ್ಯನ ಹೆಸರು ಆಲೂರಿನಿಂದ ಸಕಲೇಶಪುರದವರೆಗೆ ಎಲ್ಲ ಬೀಗರೂಟಗಳಲ್ಲೂ ಕೇಳಿಬರುತ್ತಿತ್ತು. ಮದುವೆಯಾದ ಮೂರ್ನಾಲ್ಕು ದಿನಕ್ಕೆ ಹೆಣ್ಣಿನ ಮನೆಯಲ್ಲಿ ಗಂಡಿನ ಕಡೆಯವರಿಗೆಲ್ಲ ಬಾಡೂಟ ಹಾಕುತ್ತಾರಲ್ಲ, ಅದೇ ಬೀಗರೂಟ. ಉಂಡು ಕೈ ತೊಳೆದು ಅವರು ಹೆಣ್ಣನ್ನು ಕರೆದುಕೊಂಡು ಹೊರಡುತ್ತಾರೆ. ನಂಜುಂಡಯ್ಯ ಯಾರ ಮನೆಯಲ್ಲಿ ಉಂಡರೂ ಏನಾದರೊಂದು ಕೊಂಕು ತೆಗೆಯದೆ ಕೈ ತೊಳೆದವನಲ್ಲ. ಒಂದು ಮನೆಯಲ್ಲಿ ಮೂಳೆ ಜಾಸ್ತಿ, ಇನ್ನೊಂದು ಮನೆಯಲ್ಲಿ ಕೊಬ್ಬು ಕಡಿಮೆ. ಹೆಣ್ಣಿನ ಕಡೆಯವರು ಕೈ ಮುಗಿದು ತಪ್ಪಾಯಿತು ಎಂದರೆ ಆತ ಉದಾರವಾಗಿ ತಲೆಯಾಡಿಸಿ, ಮುದ್ದೆ ಮುರಿದು ಮುಂದುವರಿಸುತ್ತಿದ್ದ.

ಆ ಕೈ ಮುಗಿಯುವುದು ಎಂಥದೆಂದು ಹುಲಿಯಮ್ಮನಿಗೆ ಚೆನ್ನಾಗಿ ಗೊತ್ತಿತ್ತು. ಮೂವತ್ತು ವರ್ಷದ ಹಿಂದೆ ಅವಳ ಬೀಗರೂಟದಲ್ಲಿ ಗಂಡಿನ ಕಡೆಯ ಯಾರೋ ಒಬ್ಬರು ಬಾಡಿಗಿಂತ ಮೂಳೆಯೇ ಹೆಚ್ಚು ಎಂದಿದ್ದರು. ಅದು ಸುಳ್ಳು. ಆದರೂ ಅವಳಪ್ಪ ಚಪ್ಪರದ ನಡುವೆ ನಿಂತು ಕೈ ಮುಗಿದ. ಎರಡು ನಿಮಿಷದ ಕೆಲಸ. ಅಷ್ಟಕ್ಕೇ ಅವಳು ಗಂಡನ ಮನೆಯಲ್ಲಿ "ಮೂಳೆ ಮನೆಯೋಳು" ಆದಳು. ಹೆರಿಗೆಯಾದಾಗಲೂ ಅದೇ ಹೆಸರು, ಗಂಡನ ಹೆಣ ಎತ್ತುವಾಗಲೂ ನಾದಿನಿಯ ಬಾಯಲ್ಲಿ ಅದೇ ಹೆಸರು. ಸುಳ್ಳಿಗೆ ಕೈ ಮುಗಿದ ಅಪ್ಪನ ಮೇಲೆ ಅವಳ ಸಿಟ್ಟು ಇನ್ನೂ ಆರಿರಲಿಲ್ಲ.

ಅದಕ್ಕೇ ಮಗಳ ಬೀಗರೂಟಕ್ಕೆ ಅವಳು ಬೇರೆಯವರ ಮರಿ ನಂಬಲಿಲ್ಲ. ತನ್ನದೇ ಎರಡು ಮೇಕೆಗಳು ಅವಳಿ ಅವಳಿ ಹಾಕಿದ ನಾಲ್ಕು ಗಂಡುಮರಿಗಳನ್ನು ಬೀಜ ಒಡೆಸಿ, ತೋಟಕ್ಕೆ ನುಗ್ಗದಂತೆ ಕಟ್ಟಿ, ಹಲಸಿನ ಸೊಪ್ಪು, ಹಾಲವಾಣದ ಸೊಪ್ಪು ಕಡಿದು ತಂದು ಹಾಕಿ ಸಾಕಿದಳು. ಹತ್ತು ತಿಂಗಳಿಗೆ ಮೈ ಕೈ ತುಂಬಿಕೊಂಡವು, ಹಾಲುಹಲ್ಲು ಹಾಗೇ ಇದ್ದವು. ಆಮೇಲೆ ಹುಟ್ಟಿದ ಐದನೆಯದೊಂದು ಪುಟ್ಟ ಕಪ್ಪು ಹೆಣ್ಣುಮರಿ ಇತ್ತು. ಅದು ಕತ್ತಿಗಲ್ಲ, ವಾಣಿಯ ಬಳುವಳಿಗೆ.

ಬೀಗರೂಟದ ಹಿಂದಿನ ದಿನ ರಾಜಲಕ್ಷ್ಮಮ್ಮ ಗಂಡು ಹೆಣ್ಣನ್ನು ಕರೆದುಕೊಂಡು ಬಂದು ಇಲ್ಲೇ ಉಳಿದರು. ಅವರ ಜೊತೆಗೇ ಒಂದು ಸುದ್ದಿಯೂ ಬಂತು. ನೂರೈವತ್ತು ಜನ ಎಂದಿದ್ದ ನಂಜುಂಡಯ್ಯ ಈಗ ಇನ್ನೂರು ದಾಟಬಹುದು ಎಂದಿದ್ದ. "ನೀವೇನೂ ಯೋಚ್ನೆ ಮಾಡ್ಬೇಡಿ ಹುಲಿಯಮ್ಮ. ನಮ್ಮ ಯಜಮಾನ್ರೇ ಒಂದು ಮರಿ ಕಳಿಸ್ತಾರಂತೆ. ಕೊಟ್ಟಿಗೇಲಿ ಒಳ್ಳೇ ಹೋತದ ಮರಿ ಐತೆ," ಎಂದರು ರಾಜಲಕ್ಷ್ಮಮ್ಮ. ಅವರು ಮನಸ್ಸಿನಲ್ಲಿ ಏನೂ ಇಟ್ಟುಕೊಳ್ಳದ ಹೆಂಗಸು.

ಮರುದಿನ ಬೆಳಕು ಹರಿಯುವ ಹೊತ್ತಿಗೆ, ರಾಜಲಕ್ಷ್ಮಮ್ಮ ಇನ್ನೂ ಏಳುವ ಮೊದಲೇ, ಜೀಪು ಬಂತು. ಡ್ರೈವರು ಹಿಂದಿನ ಬಾಗಿಲು ತೆಗೆದು, "ಯಜಮಾನ್ರು ಎಳೇ ಮರಿ ಕಳಿಸವ್ರೆ," ಎಂದು ಹಗ್ಗ ಎಳೆದ. ಇಳಿದು ಬಂದದ್ದು ಜೋತುಬಿದ್ದ ಕೆಚ್ಚಲಿನ ಒಂದು ಕೆಂದು ಮೇಕೆ. ಮೊಣಕಾಲು ಜಡ್ಡುಗಟ್ಟಿತ್ತು, ಒಂದು ಕಿವಿ ಹರಿದಿತ್ತು. ಮೂತಿ ಹಿಡಿಯುವ ಅಗತ್ಯವೇ ಇರಲಿಲ್ಲ, ಆದರೂ ಹುಲಿಯಮ್ಮನ ಕೈ ಸುಮ್ಮನಿರಲಿಲ್ಲ. ಎರಡು ಹಲ್ಲು ಬಿದ್ದೇ ಹೋಗಿದ್ದವು, ಉಳಿದವು ಸವೆದು ಮೊಂಡಾಗಿದ್ದವು.

"ಅಣ್ಣ, ಇದನ್ನ ಮರಿ ಅಂತಾನಲ್ಲ ಇವ್ನು! ಇದ್ಕೆ ಮೊಮ್ಮಕ್ಕಳಾಗಿರ್ಬೇಕು," ಎಂದಳು.

ಅವಳಣ್ಣ ಹುಚ್ಚಣ್ಣ ಬಾಡು ಕುಯ್ಯುವುದಕ್ಕೆ, ಬಡಿಸುವುದಕ್ಕೆ ಯಜಮಾನ. ಒಳ್ಳೆಯವನು, ಬೀಗರೆಂದರೆ ಮಾತ್ರ ಕೈಕಾಲು ನಡುಗುವ ಜಾತಿ. "ಮೆತ್ಗೆ ಮಾತಾಡೇ ಮಾರಾಯ್ತಿ. ಬೀಗರು ಕಳಿಸಿರೋದನ್ನ ವಾಪಸ್ ಕಳಿಸೋಕಾಯ್ತದಾ? ಅವ್ರು ಮರಿ ಅಂದ್ರೆ ನಾವೂ ಮರಿ ಅನ್ನನ," ಎಂದ.

"ನನ್ ಬಾಯಲ್ಲಿ ಬರಲ್ಲ," ಎಂದಳು ಹುಲಿಯಮ್ಮ. ಆದರೆ ವಾಪಸ್ಸು ಕಳಿಸಲಿಲ್ಲ. ಮಗಳು ಹೋಗುವ ಮನೆ, ಒಂದು ದಿನ ನುಂಗಿಕೊಂಡರಾಯಿತು ಎಂದುಕೊಂಡಳು. ಅದರ ಬಾಡನ್ನು ತನ್ನ ಮರಿಗಳ ಬಾಡಿಗೆ ಬೆರೆಸಲು ಮಾತ್ರ ಬಿಡಲಿಲ್ಲ. ನಾಲ್ಕು ಮರಿಗಳದು ದೊಡ್ಡ ಹಂಡೆಗಳಿಗೆ ಹೋಯಿತು. ಕೆಂದು ಮೇಕೆಯದನ್ನು ಚಿಕ್ಕ ಹಂಡೆಗೆ ಹಾಕಿ, ಪರಂಗಿಕಾಯಿ ಹೆಚ್ಚಿ ಹಾಕಿ, ಒಲೆಗೆ ದಪ್ಪ ಕೊರಡು ತಳ್ಳಿದಳು. ಬೀಗರೆಲ್ಲ ಹೋದ ಮೇಲೆ ಮನೆಯವರು ಉಣ್ಣುವುದಕ್ಕೆ ಅದು ಎಂದು ಅಡುಗೆಯವರಿಗೆ ಹೇಳಿದಳು. ಹುಚ್ಚಣ್ಣನಿಗೆ ಹೇಳಲು ಮರೆತಳು.

ಐದು ತಲೆಗಳನ್ನು ಬಿದಿರು ಬುಟ್ಟಿಯಲ್ಲಿಟ್ಟು, ಬಾಳೆಎಲೆ ಮುಚ್ಚಿ, ಹಿತ್ತಲಿನ ನೆರಳಿಗೆ ಸರಿಸಿದ್ದರು. ಅವನ್ನು ಸುಟ್ಟು ಹೆರೆಯುವುದು ಜನ ಖಾಲಿಯಾದ ಮೇಲಿನ ಕೆಲಸ.

ಹನ್ನೆರಡೂವರೆಗೆ ಬೀಗರು ಮೂರು ಬಸ್ಸು, ಮೂರು ಜೀಪುಗಳಲ್ಲಿ ಬಂದಿಳಿದರು. ಪಾನಕವಾಯಿತು, ಎಲೆಯಡಿಕೆಯಾಯಿತು, ಚಪ್ಪರದಲ್ಲಿ ಎಲೆ ಹಾಕಿದರು. ನಂಜುಂಡಯ್ಯ ಮೊದಲ ಪಂಕ್ತಿಯ ಮೊದಲ ಎಲೆಗೆ ಬಿಳಿ ಪಂಚೆ ಸರಿಮಾಡಿಕೊಂಡು ಕುಳಿತ. ಹಬೆಯಾಡುವ ಕಡುಬು ಬಂತು, ಹಿಂದೆಯೇ ಹುಚ್ಚಣ್ಣ ಸೌಟು ಹಿಡಿದು ಬಂದ.

ಚಪ್ಪರದಲ್ಲಿ ಉಣ್ಣುವ ಸದ್ದು ಶುರುವಾಯಿತು. ನಂಜುಂಡಯ್ಯ ಒಂದು ತುಂಡು ಬಾಯಿಗಿಟ್ಟ. ಅಗಿದ. ಮತ್ತೂ ಅಗಿದ. ಎಡದವಡೆಯಿಂದ ಬಲದವಡೆಗೆ ಹಾಕಿಕೊಂಡು ಅಗಿದ. ಕೊನೆಗೆ ತುಂಡನ್ನು ಬೆರಳಲ್ಲಿ ತೆಗೆದು ಎಲೆಯ ಅಂಚಿಗಿಟ್ಟು, ಎಲೆಯನ್ನು ಒಂದು ಗೇಣು ಮುಂದಕ್ಕೆ ತಳ್ಳಿದ. ಪಕ್ಕದ ನಾಲ್ಕು ಕೈಗಳು ನಿಂತವು.

"ಹುಚ್ಚಣ್ಣ, ಬಾ ಇಲ್ಲಿ. ಏನಯ್ಯಾ ಇದು?"

"ಬಾಡು, ಬೀಗ್ರೇ."

"ಯಾವ್ದರ ಬಾಡು?"

"ಮ... ಮರೀದು."

"ಮರೀದಾ! ನಾಕು ಸಲ ಮರಿ ಹಾಕಿ ಬತ್ತೋಗಿರೋ ಮುದಿಮೇಕೆ ಕಣಯ್ಯಾ ಇದು. ನಲವತ್ತು ವರ್ಷದಿಂದ ಬಾಡು ತಿಂತಾ ಇವ್ನಿ. ನನ್ ನಾಲ್ಗೆಗೆ ಸುಳ್ಳು ಹೇಳ್ತೀಯಾ?" ಆತನ ದನಿ ಏರಿತು. "ಹೆಣ್ಣು ಕೊಡೋರು ಬೀಗರಿಗೆ ಇಂಥದ್ದು ಹಾಕ್ತಾರೇನಯ್ಯಾ? ಇನ್ನೊಂದು ದಿನ ಸರಿಯಾಗಿ ಬೀಗರೂಟ ಮಾಡಿ, ಆವಾಗ ಬಂದು ಹೆಣ್ಣು ಕರ್ಕೊಂಡೋಯ್ತೀವಿ. ಇಲ್ಲ, ಇಲ್ಲೇ ಎಲ್ಲರ ಮುಂದೆ ತಪ್ಪಾಯ್ತು ಅನ್ನಿ. ಎರಡ್ರಲ್ಲಿ ಒಂದು."

ಧರ್ಮ ದೊಡ್ಡಪ್ಪನ ಕಡೆ ಒಮ್ಮೆ ನೋಡಿ ತಲೆ ತಗ್ಗಿಸಿದ. ನಂಜುಂಡಯ್ಯನ ನಾಲಿಗೆಗೆ ಮುದಿಮೇಕೆ ಗೊತ್ತಾಗಿತ್ತು, ತಾನು ಕಳಿಸಿದ್ದು ದೊಡ್ಡ ಹಂಡೆಯಲ್ಲಿ ಕರಗಿಹೋಗಿರುತ್ತದೆ ಎಂದುಕೊಂಡವನಿಗೆ ಅದು ತನ್ನ ಮನೆಯದೇ ಎಂಬುದು ಮಾತ್ರ ಹೊಳೆದಿರಲಿಲ್ಲ.

ಹುಚ್ಚಣ್ಣ ಸೌಟು ಹಿಡಿದೇ ಹಿತ್ತಲಿಗೆ ಓಡಿಬಂದ. "ಕೆಟ್ಟೆವು ಕಣೇ ಹುಲಿ. ಬಾಡು ಬಲಿತದ್ದು ಅಂತ ಎಲೆ ತಳ್ಬುಟ್ಟ."

"ಯಾವ ಹಂಡೇದು ಬಡಿಸ್ದೆ?"

"ಚಿಕ್ಕದರದ್ದು. ಬೀಗರು ಕಳಿಸಿದ ಮರಿ ಮೊದ್ಲು ಬೀಗರ ಎಲೆಗೇ ಬೀಳ್ಲಿ, ಅದು ಮರ್ಯಾದೆ ಅಂತ ನಾನೇ ತೋಡಿ ಬಡಿಸ್ದೆ."

ಹುಲಿಯಮ್ಮನಿಗೆ ಒಂದು ಗಳಿಗೆ ನಗು ಬಂತು. ಇಡೀ ಹೊಂಗಡಹಳ್ಳದಲ್ಲಿ ಇಷ್ಟು ಮರ್ಯಾದೆಯಿಂದ ಮನೆ ಮುಳುಗಿಸಬಲ್ಲವನು ತನ್ನಣ್ಣ ಒಬ್ಬನೇ. ಈಗ ನಿಜ ಹೇಳಿದರೆ ಬೀಗನ ಮಾನ ಇನ್ನೂರು ಜನರ ಮುಂದೆ ಹೋಗುತ್ತದೆ, ಆ ಸಿಟ್ಟನ್ನೆಲ್ಲ ಒಂದೇ ಸೂರಿನಡಿ ಉಣ್ಣಬೇಕಾದವಳು ವಾಣಿ. ಹೇಳದಿದ್ದರೆ ವಾಣಿ ಬದುಕಿರುವವರೆಗೂ ಆ ಮನೆಗೆ ಮುದಿಮೇಕೆ ಮನೆಯೋಳು.

"ಯಾಕೆ ಯೋಚ್ನೆ ಮಾಡ್ತೀಯ? ನಾನೇ ಹೋಗಿ ಕೈ ಮುಗೀತೀನಿ. ಎರಡು ನಿಮಿಷದ ಕೆಲ್ಸ," ಎಂದ ಹುಚ್ಚಣ್ಣ.

ಎರಡು ನಿಮಿಷದ ಕೆಲಸ. ಹುಲಿಯಮ್ಮ ಹಿತ್ತಲ ಬಾಗಿಲ ಕಡೆ ನೋಡಿದಳು. ಹೊಸ ಸೀರೆಯುಟ್ಟ ವಾಣಿ ಅಲ್ಲಿ ನಿಂತಿದ್ದಳು. ಚಪ್ಪರದ ಮಾತೂ ಕೇಳಿಸಿಕೊಂಡಿದ್ದಳು, ಇಲ್ಲಿಯ ಮಾತೂ ಕೇಳಿಸಿಕೊಂಡಿದ್ದಳು.

"ಅವ್ವ, ಹುಚ್ಚಣ್ಣ ಮಾವ ಯಾರಿಗೂ ಕೈ ಮುಗಿಯೋದು ಬೇಡ," ಎಂದಳು ವಾಣಿ. "ಬಾಳೋಳು ನಾನು. ನೀನು ಹೋಗಿ ನಿಜ ಹೇಳು."

ಅಷ್ಟೇ ಬೇಕಾಗಿತ್ತು. ಹುಲಿಯಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ಬುಟ್ಟಿಯನ್ನು ತಲೆಯ ಮೇಲೆತ್ತಿಕೊಂಡು ಚಪ್ಪರಕ್ಕೆ ನಡೆದಳು. ಗಂಡಸರು ಉಣ್ಣುವ ಪಂಕ್ತಿಯ ನಡುವೆ, ಅದೂ ಮದುವೆ ಮನೆಯಲ್ಲಿ, ಗಂಡ ಸತ್ತ ಹೆಂಗಸು ಹೀಗೆ ಬರುವುದುಂಟೆ ಎಂದು ಯಾರೋ ಗೊಣಗಿದರು. ಅವಳು ಆ ಕಡೆ ತಿರುಗಲೂ ಇಲ್ಲ. ನಂಜುಂಡಯ್ಯ ತಳ್ಳಿದ್ದ ಎಲೆಯ ಎದುರಿಗೇ ಬುಟ್ಟಿ ಇಳಿಸಿ, ಮುಚ್ಚಿದ್ದ ಬಾಳೆಎಲೆ ತೆಗೆದಳು.

"ಬೀಗ್ರೇ, ನಿಮ್ ನಾಲ್ಗೆ ಹೇಳಿದ್ದು ಕೇಳ್ದೆ. ಈಗ ಕಣ್ಣು ಏನ್ ಹೇಳುತ್ತೆ ನೋಡಿ. ಇವತ್ತು ಈ ಮನೇಲಿ ಕಡಿದಿದ್ದು ಇವೈದೇ. ಆರನೇದು ಸಿಕ್ರೆ ನನ್ ತಲೇನೂ ಈ ಬುಟ್ಟಿಗೆ ಹಾಕ್ಕಳಿ."

"ಉಣ್ಣೋ ಜಾಗಕ್ಕೆ ಇದನ್ನ ತರ್ತಾರೇನಮ್ಮ?" ಎಂದ ನಂಜುಂಡಯ್ಯ.

"ಉಣ್ಣೋ ಜಾಗದಲ್ಲೇ ತಾನೇ ನೀವು ಮಾತಾಡಿದ್ದು? ಬಾಯಿ ಬುಡಿಸಿ ನೋಡಿ. ನೋಡಿ ಜೋರಾಗಿ ಹೇಳಿ. ಆ ಕೊನೇ ಎಲೇಲಿ ಕೂತೋರಿಗೂ ಕೇಳ್ಬೇಕು."

ಜನ ಎಲೆಯ ಮೇಲೆ ಕೈ ಬಿಟ್ಟು ಕತ್ತು ಉದ್ದ ಮಾಡಿದ್ದರು. ಈಗ ನೋಡದಿದ್ದರೆ ನಲವತ್ತು ವರ್ಷದ ನಾಲಿಗೆಗೆ ಅವಮಾನ. ನಂಜುಂಡಯ್ಯ ಎಡಗೈಯಲ್ಲಿ ಮೊದಲನೆಯದರ ತುಟಿ ಸರಿಸಿದ.

"ಹಾಲುಹಲ್ಲು," ಎಂದ, ಒಲ್ಲದ ಮನಸ್ಸಿನಿಂದ.

ಎರಡನೆಯದು ಹಾಲುಹಲ್ಲು. ಮೂರನೆಯದು ಹಾಲುಹಲ್ಲು. ನಾಲ್ಕನೆಯದಕ್ಕೆ ಆತನ ದನಿ ಬರೀ ತುಟಿಯಲ್ಲೇ ಉಳಿಯಿತು, ಹುಲಿಯಮ್ಮ ಇನ್ನೊಮ್ಮೆ ಹೇಳಿಸಿದಳು. ಕಿವಿ ಅಡಿಗೆ ಮಡಚಿಕೊಂಡಿದ್ದ ಐದನೆಯದರ ತುಟಿ ಸರಿಸಿದ್ದೇ ನಂಜುಂಡಯ್ಯನ ಮುಖ ಅರಳಿಬಿಟ್ಟಿತು. ಕೂತಲ್ಲೇ ಎದೆ ಸೆಟೆಸಿದ.

"ಬಂತು ನೋಡ್ರಪ್ಪಾ! ಎರಡು ಬಿದ್ದೋಗವೆ, ಮಿಕ್ಕವು ಸವೆದು ಮೊಂಡಾಗವೆ. ಇದು ಮರಿಯೇನಮ್ಮ?"

"ಅಲ್ಲ ಬೀಗ್ರೇ. ನೀವು ಹೇಳಿದ್ದೇ ಸರಿ. ಇದು ಮುದಿಮೇಕೆ. ನಿಮ್ ನಾಲ್ಗೆ ದೊಡ್ಡದು, ಒಪ್ಕೊಂಡೆ." ಹುಲಿಯಮ್ಮನ ದನಿ ಸ್ವಲ್ಪವೂ ಅಲುಗಲಿಲ್ಲ. "ಇಂಥದ್ದನ್ನ ಮರಿ ಅಂತ ಕರೆದು ಬೀಗರ ಊಟಕ್ಕೆ ಹಾಕೋರು ಏನ್ ಮಾಡ್ಬೇಕು ಅಂತೀರಿ?"

"ಅದನ್ನೇ ತಾನೇ ಹೇಳಿದ್ದು. ಎಲ್ಲರ ಮುಂದೆ ಕೈ ಮುಗಿದು ತಪ್ಪಾಯ್ತು ಅನ್ಬೇಕು."

"ಆಗ್ಲಿ. ಎಲ್ರೂ ಕೇಳಿಸ್ಕಂಡ್ರಲ್ಲ?" ಎಂದು ಅವಳು ಹೆಂಗಸರ ಪಂಕ್ತಿಯ ಕಡೆ ತಿರುಗಿದಳು. "ರಾಜಲಕ್ಷ್ಮಕ್ಕ, ಒಂಚೂರು ಇಲ್ಲಿಗೆ ಬನ್ನಿ. ಇದನ್ನ ಎಲ್ಲಾದ್ರೂ ನೋಡಿದೀರಾ?"

ರಾಜಲಕ್ಷ್ಮಮ್ಮ ಎಂಜಲು ಕೈ ಹಿಡಿದುಕೊಂಡೇ ಎದ್ದು ಬಂದರು. ಬಗ್ಗಿ ನೋಡಿದರು. ಹರಿದ ಕಿವಿಯನ್ನು ಎಡಗೈಯಲ್ಲಿ ಎತ್ತಿದರು.

"ಅಯ್ಯೋ, ಇದು ನಮ್ ಕೆಂಚಿ ಅಲ್ವೇನ್ರೀ! ನಾಯಿ ಕಿವಿ ಹರಿದಾಗ ನಾನೇ ಅರಿಶಿನ ಹಚ್ಚಿದ್ದೆ. ಹೋದ ವರ್ಷದವರ್ಗೂ ಇದರ ಹಾಲಲ್ಲೇ ಕಾಫಿ ಕುಡಿದಿದೀರಿ ನೀವು." ಗಂಡನ ಕಡೆ ತಿರುಗಿದರು. "ಹೋತದ ಮರಿ ಕಳಿಸ್ತೀನಿ ಅಂದಿದ್ರಲ್ಲ? ಅದೆಲ್ಲೋಯ್ತು?"

"ಹಂಡೇಲಿ ಎಲ್ಲ ಬೆರೆತೋಗುತ್ತಲ್ಲ ಅಂತ..." ಎಂದ ನಂಜುಂಡಯ್ಯ, ಎಂದು ನಾಲಿಗೆ ಕಚ್ಚಿಕೊಂಡ. ಆದರೆ ಮಾತು ಹೊರಗೆ ಬಿದ್ದಾಗಿತ್ತು.

ಹಿಂದಿನ ಪಂಕ್ತಿಯಲ್ಲಿ ಯಾರೋ ಕಿಸಕ್ಕೆಂದರು. ಅದು ಒಂದು ಎಲೆಯಿಂದ ಇನ್ನೊಂದು ಎಲೆಗೆ ದಾಟಿತು. ಇಷ್ಟು ವರ್ಷ ಈತನ ಕೊಂಕಿಗೆ ಕೈ ಮುಗಿದ ಹೆಣ್ಣಿನ ತಂದೆಯರೂ ಆ ಚಪ್ಪರದಲ್ಲಿ ಇದ್ದರು. ಅವರ ನಗು ಎಲ್ಲರಿಗಿಂತ ಜೋರಾಗಿತ್ತು. ಮೊದಲ ಬಾರಿಗೆ ಧರ್ಮ ತಲೆಯೆತ್ತಿದ.

ನಂಜುಂಡಯ್ಯ ಪಂಚೆ ಕೊಡವಿಕೊಂಡು ಏಳಲು ಹೋದ.

"ಕೂತ್ಕಳಿ," ಎಂದಳು ಹುಲಿಯಮ್ಮ. "ಎಲೆ ಬುಟ್ಟು ಏಳಂಗಿಲ್ಲ. ಇದು ನನ್ನ ಮನೆ. ನಿಮ್ಮನೆ ಬಾಡಿನ ರುಚಿ ನೋಡಿ ಹೆಸರು ಹೇಳಿದ್ರಿ. ನನ್ ಮನೇದು ಇನ್ನೂ ನೋಡಿಲ್ಲ."

ಅವಳು ತಾನೇ ಹೋಗಿ ದೊಡ್ಡ ಹಂಡೆಯಿಂದ ತೋಡಿ ತಂದಳು. ತಳ್ಳಿದ್ದ ಎಲೆಯನ್ನು ಎಳೆದು ಆತನ ಮುಂದಿಟ್ಟು, ಬಿಸಿ ಕಡುಬಿನ ಪಕ್ಕ ನಾಲ್ಕು ತುಂಡು ಬಿಟ್ಟು, ಎದುರಿಗೇ ನಿಂತಳು. ನಂಜುಂಡಯ್ಯ ಹೆಂಡತಿಯ ಕಡೆ ನೋಡಿದ. ರಾಜಲಕ್ಷ್ಮಮ್ಮ ಹರಿದ ಕಿವಿ ಹಿಡಿದುಕೊಂಡೇ ಗಂಡನನ್ನು ದುರುಗುಟ್ಟಿಕೊಂಡು ನೋಡುತ್ತಿದ್ದರು. ಬೇರೆ ದಾರಿಯಿಲ್ಲದೆ ಆತ ಒಂದು ತುಂಡು ಬಾಯಿಗಿಟ್ಟ. ಎರಡೇ ಸಲ ಅಗಿದ, ಅಷ್ಟರಲ್ಲಿ ಅದು ಕರಗಿಹೋಯಿತು.

"ಏನದು?"

"ಮರಿ."

"ಕೊನೇ ಎಲೆಯೋರಿಗೆ ಕೇಳಿಸ್ಲಿಲ್ವಂತೆ."

"ಮರಿ ಕಣಮ್ಮಾ! ಹಾಲುಹಲ್ಲಿನ ಮರಿ! ಸಾಕಾ?" ಎಂದು ಕೂಗಿದ ನಂಜುಂಡಯ್ಯ, ಕೂಗಿದವನೇ ಸೋತು ಕೈಗಳನ್ನು ಹತ್ತಿರ ತಂದ.

ಹುಲಿಯಮ್ಮ ಅಡ್ಡ ಕೈ ಮಾಡಿದಳು. "ಬೇಡಿ. ಎಂಜಲು ಕೈಯಲ್ಲಿ ಯಾರೂ ಮುಗೀಬಾರ್ದು. ಆ ಬಾಕಿ ಹಂಗೇ ಇರ್ಲಿ. ಯಾವತ್ತಾದ್ರೂ ನನ್ ಮಗಳಿಗೆ ಮುದಿಮೇಕೆ ಮನೆಯೋಳು ಅಂತ ನಿಮ್ಮ ಬಾಯಲ್ಲಿ ಬಂದ್ರೆ, ಅವತ್ತು ಕೈ ತೊಳ್ಕೊಂಡು ಇಲ್ಲಿಗೆ ಬಂದು ಮುಗೀರಿ."

ಅವಳು ಬುಟ್ಟಿ ಎತ್ತಿಕೊಂಡು ಹಿತ್ತಲಿಗೆ ಹೋದಳು. ಅಲ್ಲಿ ಒರಳುಕಲ್ಲಿನ ಮೇಲೆ ಕೂತು, ಸೊಂಟಕ್ಕೆ ಸಿಕ್ಕಿಸಿದ್ದ ಸೆರಗು ಬಿಚ್ಚಿ ಮುಖ ಒರೆಸಿಕೊಂಡಳು. ಚಪ್ಪರದಲ್ಲಿ ಮತ್ತೆ ಉಣ್ಣುವ ಸದ್ದು ಶುರುವಾಗಿತ್ತು. ಹುಚ್ಚಣ್ಣ ಬಂದು ಒಂದು ಚೊಂಬು ನೀರು ಕೊಟ್ಟು, "ನಮ್ಮಪ್ಪ ಇರ್ಬೇಕಾಗಿತ್ತು ಕಣೇ," ಎಂದ. "ಇದ್ದಿದ್ರೆ ಅವನೂ ನಿನ್ನಂಗೇ ಕೈ ಮುಗಿಯೋಕೆ ಹೋಗ್ತಿದ್ದ," ಎಂದು ಹುಲಿಯಮ್ಮ ನೀರು ಕುಡಿದಳು. ಕುಡಿಯುವಾಗ ಕಣ್ಣಲ್ಲಿ ನೀರು ಬಂತು. ಅಂಥದೇ ಚಪ್ಪರದ ನಡುವೆ ತಾನೂ ನಿಂತು ಬಂದ ಮೇಲೆ ಅಪ್ಪನ ಮೇಲಿನ ಸಿಟ್ಟು ಅಷ್ಟಿಷ್ಟು ಇಳಿದಂತಾಗಿತ್ತು.

ನಾಲ್ಕು ಗಂಟೆಗೆ ಹೆಣ್ಣು ಹೊರಟಿತು. ಮಡಿಲು ತುಂಬಿದರು, ಹೆಂಗಸರು ಅತ್ತರು, ಟ್ರಂಕು ಜೀಪಿನ ಮೇಲೇರಿತು. ಮುಂದಿನ ಸೀಟಿನಲ್ಲಿ ನಂಜುಂಡಯ್ಯ ಮುಖ ಗಂಟಿಕ್ಕಿಕೊಂಡು ಕುಳಿತಿದ್ದ. ಹುಲಿಯಮ್ಮನ ಎದೆಯಲ್ಲಿ ಆಗ ಹೊಸ ಭಯ ಹುಟ್ಟಿತು. ತಾನು ಹೇಳುವುದನ್ನು ಹೇಳಿ ಇಲ್ಲೇ ಉಳಿದೆ, ಆ ಗಂಟು ಮುಖದ ಹಿಂದೆ ಹೋಗುವವಳು ಮಗಳು. ಹೋದ ಮೇಲೆ ಈತ ಹೇಗೆ ನಡೆಸಿಕೊಳ್ಳುತ್ತಾನೋ ಎಂದುಕೊಂಡಳು.

ವಾಣಿ ಕೊಟ್ಟಿಗೆಯಿಂದ ಕಪ್ಪು ಹೆಣ್ಣುಮರಿಯನ್ನು ಎತ್ತಿಕೊಂಡು ಬಂದಳು.

"ಜೀಪಲ್ಲಿ ಜಾಗ ಇಲ್ಲ. ಈ ಮೇಕೆ ಬೇರೆ ಯಾಕೆ?" ಎಂದು ನಂಜುಂಡಯ್ಯ ಗೊಣಗಿದ.

ವಾಣಿ ನೇರ ಅವನ ಬಾಗಿಲಿಗೆ ಹೋದಳು. ಮರಿಯನ್ನು ಬಲಗೈಯಲ್ಲಿ ಅವುಚಿಕೊಂಡು, ಎಡಗೈಯಲ್ಲಿ ಮೂತಿ ಹಿಡಿದು, ಹೆಬ್ಬೆರಳಿನಿಂದ ಕೆಳತುಟಿ ಇಳಿಸಿ, ಆತನ ಮುಖದ ಹತ್ತಿರಕ್ಕೆ ತಂದಳು. ಅವಳ ಬಳೆಗಳು ಒಂಚೂರೂ ಅಲುಗಲಿಲ್ಲ.

"ನೋಡ್ಕಳಿ ಮಾವ. ಎಂಟೂ ಹಾಲುಹಲ್ಲು. ಇದು ಮೇಕೆ ಅಲ್ಲ, ಮರಿ. ಮುಂದೆ ಎರಡು ಹಲ್ಲಾದಾಗ, ಬಾಯಿಗೂಡಿದಾಗ ನಾನೇ ತೋರಿಸಿ ಹೇಳ್ತೀನಿ. ನಾನು ಹೇಳೋವರ್ಗೂ ನಮ್ಮನೇಲಿ ಯಾರೂ ಇದ್ಕೆ ಬೇರೆ ಹೆಸರು ಇಡಂಗಿಲ್ಲ."

ನಮ್ಮನೆ ಎಂದಿದ್ದಳು. ಹಿಂದಿನ ಸೀಟಿನಿಂದ ರಾಜಲಕ್ಷ್ಮಮ್ಮ ಎರಡೂ ಕೈ ಚಾಚಿ, "ಕೊಡವ್ವ ಇಲ್ಲಿ, ನನ್ ತೊಡೆ ಮೇಲೆ ಕೂರುತ್ತೆ," ಎಂದರು. ಧರ್ಮ ಇಳಿದು ಬಂದು, ದೊಡ್ಡಪ್ಪನ ಮುಖ ನೋಡದೆ, ಹೆಂಡತಿ ಹತ್ತಲಿಕ್ಕೆ ಬಾಗಿಲು ಹಿಡಿದು ನಿಂತ.

ನಂಜುಂಡಯ್ಯ ಮರಿಯ ಬಾಯಿಯನ್ನೂ, ಆ ಹೆಬ್ಬೆರಳನ್ನೂ, ಚಪ್ಪರದ ಕಂಬಕ್ಕೆ ಒರಗಿ ನಿಂತಿದ್ದ ಹುಲಿಯಮ್ಮನನ್ನೂ ನೋಡಿದ.

"ಮರಿ," ಎಂದ. ಈ ಸಲ ಯಾರೂ ಅವನನ್ನು ಕೇಳಿರಲಿಲ್ಲ.